ಕಿಟ್ ಕಾರಿಗೆ ಫೈಬರ್ ಮಡ್‌ಗಾರ್ಡ್ ಮಾಡಿ ಕೂರಿಸುವುದು

ಮನೆಯಲ್ಲೇ ಜೋಡಿಸುವ ಕಾರಿನ ಬಿಡಿಭಾಗಗಳ ಕಟ್ಟು, ಅಂದರೆ ಕಿಟ್, ಅದರ ಜೊತೆ ಬಂದ ಹಿಂದಿನ ಮಡ್‌ಗಾರ್ಡ್ ಇಟ್ಟು ನೋಡಿದಾಗ ಟೈರು ಎರಡು ಬೆರಳಷ್ಟು ಹೊರಗೆ ಬಂದಿತ್ತು. ನಾನು ಕಟ್ಟಿದ್ದು ಲೋಟಸ್ ಸೆವೆನ್ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಪುಟ್ಟ ಎರಡು ಸೀಟಿನ ಕಾರು, ಇಂಗ್ಲೆಂಡಿನಲ್ಲಿ, ಮನೆಯ ಗ್ಯಾರೇಜಿನಲ್ಲಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಶನ್ ಎಲ್ಲ ಹಳೆಯ ಮಜ್ದಾ ಎಂಎಕ್ಸ್-5 ಕಾರಿನಿಂದ ಬಿಚ್ಚಿಕೊಂಡಿದ್ದು. ಅಗಲದ ಚಕ್ರ ಬೇಕು ಅಂತ ಹಟ ಹಿಡಿದವನು ನಾನೇ, ಹಾಗಾಗಿ ಅದಕ್ಕೆ ಹೊಂದುವ ಮಡ್‌ಗಾರ್ಡನ್ನೂ ನಾನೇ ಮಾಡಬೇಕಾಯಿತು. ಇಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗೆ ಇಳಿಯಬೇಕಾದರೆ ಐವಿಎ ಎಂಬ ತಪಾಸಣೆ ದಾಟಬೇಕು. ಅದರಲ್ಲಿ ಮಡ್‌ಗಾರ್ಡಿಗೇ ಲೆಕ್ಕ ಇದೆ: ಚಕ್ರದ ನಡುವಿನಿಂದ ನೇರ ಮೇಲಕ್ಕೆ ಗೆರೆ ಎಳೆದರೆ, ಅದರ ಮುಂದೆ 30 ಡಿಗ್ರಿ, ಹಿಂದೆ 50 ಡಿಗ್ರಿ ತನಕ ಟೈರಿನ ಅಗಲ ಪೂರ್ತಿ ಮುಚ್ಚಿರಬೇಕು.

ಫೈಬರ್ ಯಾಕೆ ಅಂದರೆ, ಎರಡು ದಿಕ್ಕಿಗೂ ಬಾಗುವ ಆಕಾರವನ್ನು ಅಲ್ಯೂಮಿನಿಯಂನಲ್ಲಿ ತಟ್ಟಿ ತೆಗೆಯುವುದಕ್ಕೆ ವರ್ಷಗಟ್ಟಲೆ ಕೈ ಪಳಗಿರಬೇಕು. 1957ರ ಮೊದಲ ಸೆವೆನ್‌ಗೆ ಅಲ್ಯೂಮಿನಿಯಂ ಮೂತಿ ಇತ್ತು. 1960ರ ಎರಡನೇ ಸರಣಿಗೆ ಬರುವಷ್ಟರಲ್ಲಿ ಮೂತಿ, ಮಡ್‌ಗಾರ್ಡ್ ಎರಡೂ ಫೈಬರ್ ಆದವು. ಅಚ್ಚು ಒಂದು ಸರಿಯಾಗಿದ್ದರೆ ಉಳಿದಿದ್ದು ಮ್ಯಾಟ್ (ಗಾಜಿನ ಎಳೆಗಳ ಹಾಸು), ರೆಸಿನ್ (ಅದನ್ನು ನೆನೆಸಿ ಗಟ್ಟಿಯಾಗುವ ಅಂಟುದ್ರವ), ಬ್ರಷ್ಷು, ರೋಲರ್ ಅಷ್ಟೇ.

ಕೆಲಸ ಮೂರು ಹಂತದ್ದು. ಮೊದಲು ಪ್ಲಗ್, ಅಂದರೆ ನಮಗೆ ಬೇಕಾದ ಭಾಗದ ಪಡಿಯಚ್ಚು. ಅದರ ಮೇಲೆ ಅಚ್ಚು. ಅಚ್ಚಿನೊಳಗೆ ನಿಜವಾದ ಪ್ಯಾನೆಲ್. ಶುರು ಮಾಡುವವರೆಲ್ಲ ರೆಸಿನ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಸಮಯ ಹೋಗುವುದು ಪ್ಲಗ್‌ಗೆ, ಮತ್ತು ಹೋಗಬೇಕಾದದ್ದೂ ಅಲ್ಲಿಗೇ. ಪ್ಲಗ್ ಮೇಲೆ ಉಗುರಿನಲ್ಲಿ ಗೀರಿದಷ್ಟು ಗೆರೆ ಇದ್ದರೂ ಅದು ಅಚ್ಚಿಗೆ ಇಳಿಯುತ್ತದೆ, ಅಲ್ಲಿಂದ ಪ್ರತಿಯೊಂದು ಪ್ಯಾನೆಲ್ಲಿಗೂ ಬರುತ್ತದೆ.

ಪ್ಲಗ್ಗನ್ನು ಮೇಜಿನ ಮೇಲೆ ಮಾಡಬೇಡಿ. ಕಾರಿನ ಮೇಲೇ ಮಾಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಚಾಸಿ ಎಷ್ಟೇ ಚೆನ್ನಾಗಿ ವೆಲ್ಡ್ ಆಗಿದ್ದರೂ ಎಡಕ್ಕೂ ಬಲಕ್ಕೂ ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ, ಅದು ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲ. ಚಕ್ರ ಹಾಕಿ, ಸೀಟಿನ ಮೇಲೆ ನಿಮ್ಮ ತೂಕದಷ್ಟು ಮರಳಿನ ಚೀಲ ಇಟ್ಟು, ಕಾರು ನಿಜವಾಗಿ ನಿಲ್ಲುವ ಎತ್ತರಕ್ಕೆ ತನ್ನಿ. ಆಮೇಲೆ ಒಂದು ಪಕ್ಕದ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜ್ಯಾಕಿನಿಂದ ಬಂಪ್ ಸ್ಟಾಪ್ (ಸಸ್ಪೆನ್ಶನ್ ಇನ್ನೂ ಮೇಲೆ ಹೋಗದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ. ಟೈರು ಮೇಲೆ ಬಂದಾಗ ಎಲ್ಲಿಗೆ ತಲುಪುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ಅಲ್ಲಿಂದ ಮೇಲೆ ಇನ್ನೂ 30 ಮಿಲಿಮೀಟರ್ ಜಾಗ ಬಿಟ್ಟು ಮಡ್‌ಗಾರ್ಡಿನ ಒಳಮೈ ಗುರುತು ಮಾಡಿಕೊಳ್ಳಿ.

ಎಂಡಿಎಫ್ ಹಲಗೆಯಲ್ಲಿ ಪಕ್ಕೆಲುಬಿನ ಹಾಗೆ ಬಿಲ್ಲೆಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದು ನಿಲ್ಲಿಸಿ, ನಡುವಿನ ಜಾಗಕ್ಕೆ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿ. ಥರ್ಮೋಕೋಲ್ ಮಾತ್ರ ಬೇಡ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಇರುವ ಸ್ಟೈರೀನ್ ತಗುಲಿದರೆ ಥರ್ಮೋಕೋಲ್ ಮಳೆಗೆ ಸಿಕ್ಕ ಬೆಲ್ಲದ ಹಾಗೆ ಕರಗಿಹೋಗುತ್ತದೆ. ಫೋಮನ್ನು ಗರಗಸದಿಂದ ಒರಟಾಗಿ ಕೊಯ್ದು, ಉದ್ದನೆಯ ಪಟ್ಟಿಗೆ ಉಪ್ಪುಕಾಗದ ಅಂಟಿಸಿಕೊಂಡು ತೀಡಿ. ಮೇಲೆ ಬಾಡಿ ಪುಟ್ಟಿ, ಮತ್ತೆ ತೀಡುವುದು. 80 ನಂಬರಿನಿಂದ ಶುರು ಮಾಡಿ, ಪ್ರೈಮರ್ ಹೊಡೆದ ಮೇಲೆ ನೀರು ಹಾಕಿ 400, 800, 1200 ತನಕ ಹೋಗಿ. ಕಣ್ಣನ್ನು ನಂಬಬೇಡಿ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಏರುತಗ್ಗು ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಪಕ್ಕಕ್ಕೆ ರಟ್ಟಿನ ಅಳತೆ ತೆಗೆದು ತಿರುಗಿಸಿ ಬಳಸಿ. ಎಡ, ಬಲ ಮಡ್‌ಗಾರ್ಡುಗಳು ಒಂದಕ್ಕೊಂದು ಕನ್ನಡಿಯ ಬಿಂಬ, ಹಾಗಾಗಿ ಪ್ಲಗ್ ಎರಡು, ಅಚ್ಚೂ ಎರಡು.

ಆಕಾರ ಕೊಡುವಾಗ ಮೋದಕದ ಅಚ್ಚು ನೆನಪಿಟ್ಟುಕೊಳ್ಳಿ. ಬಾಯಿ ಅಗಲ, ಬುಡ ಕಿರಿದು ಇದ್ದರೆ ತಾನಾಗಿ ಹೊರಬರುತ್ತದೆ. ಪ್ಯಾನೆಲ್ಲಿನ ಗೋಡೆಗಳಿಗೂ ಕನಿಷ್ಠ 3 ಡಿಗ್ರಿ ಓರೆ ಬೇಕು. ಹೊರ ಅಂಚನ್ನು ಒಳಮುಖವಾಗಿ ಸುರುಳಿ ಮಾಡಿದರೆ ಅದು ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ಆಗ ಅಚ್ಚನ್ನು ಎರಡು ಹೋಳಾಗಿ ಮಾಡಿ ಬೋಲ್ಟ್ ಹಾಕಿ ಸೇರಿಸಬೇಕಾಗುತ್ತದೆ. ಮೊದಲ ಸಲ ಮಾಡುವವರು ಒಂದೇ ಹೋಳಿನಲ್ಲಿ ಮುಗಿಯುವ ಆಕಾರ ಆರಿಸಿಕೊಳ್ಳಿ. ಮೂಲೆಗಳೆಲ್ಲ ದುಂಡಗೆ ಇರಲಿ, ಕನಿಷ್ಠ 5 ಮಿಲಿಮೀಟರ್ ತ್ರಿಜ್ಯ. ಚೂಪು ಮೂಲೆಗೆ ಮ್ಯಾಟ್ ಬಾಗುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ, ಒಂದು ದಿನ ಬೆರಳು ತಗುಲಿದರೂ ಅಲ್ಲಿ ಚಕ್ಕೆ ಏಳುತ್ತದೆ. ಐವಿಎ ಕೂಡ ಹೊರಗೆ ಚಾಚಿದ, ಜನರಿಗೆ ತಗುಲುವಂಥ ಗಟ್ಟಿ ಅಂಚುಗಳಿಗೆ 2.5 ಮಿಲಿಮೀಟರ್ ತ್ರಿಜ್ಯ ಕೇಳುತ್ತದೆ. ಮ್ಯಾಟಿಗೆ ಬೇಕಾದದ್ದನ್ನು ಕೊಟ್ಟರೆ ಅದೂ ಸರಿಹೋಗುತ್ತದೆ.

ಇನ್ನು ಅಚ್ಚು. ಪ್ಲಗ್ ಮೇಲೆ, ಅಚ್ಚು ಅಂಟಿಕೊಳ್ಳದ ಹಾಗೆ, ರಿಲೀಸ್ ವ್ಯಾಕ್ಸ್ ಆರರಿಂದ ಎಂಟು ಸಲ ಹಚ್ಚಿ, ಪ್ರತಿ ಸಲವೂ ಒಂದು ಗಂಟೆ ಬಿಟ್ಟು ಉಜ್ಜಿ ಹೊಳಪು ತನ್ನಿ. ಅದರ ಮೇಲೆ ತೆಳ್ಳಗೆ ಪಿವಿಎ, ಅಂಗಡಿಯ ಬಿಳಿ ಗೋಂದು ಅಲ್ಲ, ಅಚ್ಚು ಬಿಡಿಸುವುದಕ್ಕೆಂದೇ ಸಿಗುವಂಥದ್ದು. ಆಮೇಲೆ ಜೆಲ್‌ಕೋಟ್, ಅಂದರೆ ನುಣುಪಾದ ಹೊರಮೈ ಆಗುವ ದಪ್ಪ ರೆಸಿನ್, ಅದರಲ್ಲೂ ಅಚ್ಚಿಗೆಂದೇ ಬರುವ ಟೂಲಿಂಗ್ ಜೆಲ್‌ಕೋಟ್, ಎರಡು ಕೋಟು. ಮೊದಲು 300 ಗ್ರಾಂ (ಚದರ ಮೀಟರಿನ ತೂಕ) ಮ್ಯಾಟ್ ಒಂದೇ ಪದರ ಹಾಕಿ, ಒಂದು ರಾತ್ರಿ ಬಿಡಿ. ಮಾರನೇ ದಿನದಿಂದ 450 ಗ್ರಾಂ ಮ್ಯಾಟ್ ದಿನಕ್ಕೆ ಎರಡು ಪದರದಂತೆ, ಒಟ್ಟು ದಪ್ಪ 6 ಮಿಲಿಮೀಟರ್ ಆಗುವವರೆಗೆ. ಒಂದೇ ದಿನ ಎಲ್ಲ ಹಾಕಿದರೆ ಬಿಸಿ ಜಾಸ್ತಿ ಆಗಿ ಅಚ್ಚು ಸೊಟ್ಟಗಾಗುತ್ತದೆ. ಹಿಂದೆ ಪ್ಲೈವುಡ್ ಆಧಾರ ಅಂಟಿಸಿ, ಒಂದು ವಾರ ಪ್ಲಗ್ ಮೇಲೇ ಬಿಟ್ಟು ಆಮೇಲೆ ಬಿಡಿಸಿ.

ಪ್ಯಾನೆಲ್ ಹಾಕುವ ದಿನ ಮೊದಲು ನೋಡಬೇಕಾದದ್ದು ಥರ್ಮಾಮೀಟರ್. 18ರಿಂದ 22 ಡಿಗ್ರಿ ಒಳ್ಳೆಯದು, 15ಕ್ಕಿಂತ ಕೆಳಗಿದ್ದರೆ ಆ ದಿನ ಬೇರೆ ಕೆಲಸ ಮಾಡಿ. ನನ್ನ ಮೊದಲ ಪ್ಯಾನೆಲ್ ಹಾಳಾಗಿದ್ದು ಇದೇ ಕಾರಣಕ್ಕೆ. ಡಿಸೆಂಬರ್ ಸಂಜೆ, ಗ್ಯಾರೇಜು ಕೊರೆಯುತ್ತಿತ್ತು, ಜೆಲ್‌ಕೋಟ್ ಹಚ್ಚಿ ಎರಡು ಗಂಟೆ ಕಾದು, ಆಗಿರಬಹುದು ಅಂದುಕೊಂಡು ರೆಸಿನ್ ಹಾಕಿಬಿಟ್ಟೆ. ಬಿಡಿಸಿದಾಗ ಮೇಲ್ಮೈ ಎಲ್ಲ ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ. ಅರ್ಧಂಬರ್ಧ ಗಟ್ಟಿಯಾದ ಜೆಲ್‌ಕೋಟನ್ನು ರೆಸಿನ್‌ನ ಸ್ಟೈರೀನ್ ಉಬ್ಬಿಸುತ್ತದೆ, ಉಬ್ಬಿದ ಪದರ ಮಡಿಚಿಕೊಳ್ಳುತ್ತದೆ. ಜೆಲ್‌ಕೋಟ್ ತೀರಾ ತೆಳ್ಳಗಿದ್ದರೂ ಇದೇ ಗತಿ. ಚಳಿ ಅಂತ ಗ್ಯಾಸ್ ಹೀಟರ್ ಹಚ್ಚಬೇಡಿ. ಸ್ಟೈರೀನ್ ಹಬೆಗೆ ಬೆಂಕಿ ಹತ್ತುತ್ತದೆ, ಜೊತೆಗೆ ಗ್ಯಾಸ್ ಉರಿದರೆ ಗಾಳಿಯಲ್ಲಿ ತೇವ ಏರುತ್ತದೆ. ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರಿನಿಂದ ಹಿಂದಿನ ರಾತ್ರಿಯೇ ಗ್ಯಾರೇಜು, ಅಚ್ಚು, ರೆಸಿನ್ ಡಬ್ಬ ಎಲ್ಲವನ್ನೂ ಬೆಚ್ಚಗೆ ಮಾಡಿ, ಹಚ್ಚುವಾಗ ಅದನ್ನು ಆರಿಸಿಡಿ.

ಲೆಕ್ಕ ಹೀಗೆ. ನನ್ನ ಮಡ್‌ಗಾರ್ಡ್ ಸುಮಾರು 0.6 ಚದರ ಮೀಟರ್. ಜೆಲ್‌ಕೋಟ್ ಚದರ ಮೀಟರಿಗೆ 600 ಗ್ರಾಂ, ಅಂದರೆ 360 ಗ್ರಾಂ. ಮ್ಯಾಟ್ 300 ಗ್ರಾಂನದ್ದು ಒಂದು ಪದರ, 450ರದ್ದು ಎರಡು, ಒಟ್ಟು 720 ಗ್ರಾಂ. ರೆಸಿನ್ ಮ್ಯಾಟಿನ ತೂಕದ ಎರಡೂಕಾಲು ಪಟ್ಟು, ಸುಮಾರು 1.6 ಕೆಜಿ. ದಪ್ಪ ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಬರುತ್ತದೆ. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಅದರ ತೂಕದ 2 ಶೇಕಡ, ಸೆಖೆ ಇದ್ದರೆ 1ಕ್ಕೆ ಇಳಿಸಬಹುದು, ಅದಕ್ಕಿಂತ ಕಡಿಮೆ ಹಾಕಿದರೆ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕಣ್ಣಂದಾಜು ಬೇಡ, ಅಡುಗೆಮನೆಯದಲ್ಲದ ಬೇರೆ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಕಲಸಬೇಡಿ. ಡಬ್ಬದಲ್ಲಿ ಗುಂಪಾಗಿ ಉಳಿದ ರೆಸಿನ್ ತನ್ನ ಬಿಸಿಗೇ ಹೊಗೆಯಾಡುತ್ತದೆ.

ಶುರು ಮಾಡುವ ಮೊದಲು ಕಣ್ಣಿಗೆ ಗಾಗಲ್ಸ್. ಹಾರ್ಡನರ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ರೆಸಿನ್ ಹಚ್ಚುವಾಗ ಆವಿ ತಡೆಯುವ ಎ2 ಫಿಲ್ಟರಿನ ಮಾಸ್ಕ್, ಕತ್ತರಿಸಿ ತೀಡುವಾಗ ದೂಳು ತಡೆಯುವ ಪಿ3. ಬಟ್ಟೆಯ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಜೆಲ್‌ಕೋಟ್ ಹಚ್ಚಿ, ಅಚ್ಚಿನ ಅಂಚಿನಲ್ಲಿ ಬೆರಳು ಇಟ್ಟು ನೋಡಿ. ಬೆರಳಿಗೆ ಅಂಟಂಟಾಗಬೇಕು, ಆದರೆ ತೆಗೆದಾಗ ಬೆರಳ ತುದಿಗೆ ಬಣ್ಣ ಹತ್ತಿರಬಾರದು. ಅದೇ ಹೊತ್ತು. ಮೊದಲು ಜೆಲ್‌ಕೋಟ್ ಮೇಲೆ ರೆಸಿನ್ ಬಳಿದು, ಅದರ ಮೇಲೆ ಒಣ ಮ್ಯಾಟ್ ಹಾಸಿ, ಬ್ರಷ್ಷನ್ನು ಎಳೆಯದೆ ಕುಟ್ಟುತ್ತಾ ಹೋಗಿ. ಎಳೆದರೆ ಎಳೆಗಳು ಕಿತ್ತು ಬ್ರಷ್ಷಿಗೆ ಬರುತ್ತವೆ. ಬಿಳಿಯಾಗಿದ್ದ ಮ್ಯಾಟ್ ಒಂದೆರಡು ನಿಮಿಷದಲ್ಲಿ ಮೆತ್ತಗಾಗಿ ಪಾರದರ್ಶಕವಾಗುತ್ತದೆ, ಏಕೆಂದರೆ ಎಳೆಗಳನ್ನು ಹಿಡಿದಿದ್ದ ಅಂಟನ್ನು ಸ್ಟೈರೀನ್ ಕರಗಿಸುತ್ತದೆ. ಬಿಳಿ ಚುಕ್ಕೆ ಎಲ್ಲೇ ಉಳಿದರೂ ಅಲ್ಲಿ ಗಾಳಿ ಇದೆ ಅಂತಲೇ ಅರ್ಥ. ಲೋಹದ ಹಲ್ಲಿನ ರೋಲರನ್ನು ನಡುವಿನಿಂದ ಅಂಚಿಗೆ ಹಗುರಾಗಿ ಉರುಳಿಸಿ, ಚಿಟಚಿಟ ಸದ್ದು ನಿಲ್ಲುವ ತನಕ. ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವುದಕ್ಕಿಂತ ಕೈಯಲ್ಲಿ ಹರಿಯಿರಿ. ಹರಿದ ಅಂಚುಗಳು ಒಂದರೊಳಗೊಂದು ಬೆರೆತು ಸೇರುವೆಯ ಗುರುತು ಉಳಿಯುವುದಿಲ್ಲ. ಬೋಲ್ಟ್ ಬರುವ ಕಡೆಗಳಲ್ಲಿ ಅಂಗೈಯಗಲ ಮ್ಯಾಟ್ ಇನ್ನೆರಡು ಪದರ ಜಾಸ್ತಿ ಹಾಕಿ.

ಗಟ್ಟಿ ಚಕ್ಕಳದಂತಾದ ಹೊತ್ತಿಗೆ ಹೊರಗೆ ಉಳಿದ ಮ್ಯಾಟನ್ನು ಚಾಕುವಿನಿಂದ ಕೊಯ್ದುಬಿಡಿ. ಆ ಇಪ್ಪತ್ತು ನಿಮಿಷ ತಪ್ಪಿಸಿಕೊಂಡರೆ ಆಮೇಲೆ ಗ್ರೈಂಡರ್ ಹಿಡಿದು ದೂಳು ತಿನ್ನಬೇಕು. ಪ್ಯಾನೆಲ್ಲನ್ನು ಎರಡು ದಿನ ಅಚ್ಚಿನಲ್ಲೇ ಬಿಡಿ. ಬಿಡಿಸುವಾಗ ಸ್ಕ್ರೂಡ್ರೈವರ್ ತೂರಿಸಬೇಡಿ. ಪ್ಲಾಸ್ಟಿಕ್ ಬೆಣೆ ಅಂಚಿನಲ್ಲಿ ತಳ್ಳಿ, ಸಂದಿಗೆ ಉಗುರುಬೆಚ್ಚಗಿನ ನೀರು ಬಿಟ್ಟರೆ ಪಿವಿಎ ಕರಗಿ, ಚಟ್ ಅಂತ ಒಂದು ಸದ್ದಾಗಿ ಪ್ಯಾನೆಲ್ ಕೈಗೆ ಬರುತ್ತದೆ. ಆ ಸದ್ದು ಕೇಳುವ ಖುಷಿಯೇ ಬೇರೆ.

ಕೂರಿಸುವಾಗ ಅಂಚಿನಲ್ಲಿ 10 ಮಿಲಿಮೀಟರ್ ಜಾಸ್ತಿ ಬಿಟ್ಟೇ ಕಾರಿಗೆ ಹಿಡಿಯಿರಿ. ನಡುವಿನ ಒಂದು ತೂತು ಮಾತ್ರ ಕೊರೆದು ಬೋಲ್ಟ್ ಹಾಕಿ, ಚಕ್ರವನ್ನು ಮತ್ತೆ ಬಂಪ್ ಸ್ಟಾಪಿಗೆ ಎತ್ತಿ, ಸುತ್ತ ಸಂದು ಸಮ ಇದೆಯಾ ನೋಡಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಸರಿ ಅನ್ನಿಸಿದ ಮೇಲೆ ಮಾಸ್ಕಿಂಗ್ ಟೇಪಿನಿಂದ ಗೆರೆ ಹಾಕಿ ಕತ್ತರಿಸಿ. ಜಿಗ್‌ಸಾಗೆ ಕಾರ್ಬೈಡ್ ಹರಳಿನ ಬ್ಲೇಡ್ ಹಾಕಿ, ಮರದ ಹಲ್ಲಿನದ್ದು ಜೆಲ್‌ಕೋಟನ್ನು ಚಕ್ಕೆ ಏಳಿಸುತ್ತದೆ. ತೂತನ್ನು ಹೊರಗಡೆಯಿಂದ, ಟೇಪಿನ ಮೇಲೆ ಕೊರೆಯಿರಿ. ಎಂ6 ಬೋಲ್ಟಿಗೆ 8 ಮಿಲಿಮೀಟರ್ ತೂತು. ಬಿಸಿಲಿಗೆ ಫೈಬರ್ ಹಿಗ್ಗುತ್ತದೆ, ಚಾಸಿ ಅಲುಗುತ್ತದೆ, ಬಿಗಿ ತೂತಿಗೆ ಅದನ್ನು ತಾಳಿಕೊಳ್ಳಲು ಆಗುವುದಿಲ್ಲ. ಒಳಗಡೆ 25 ಮಿಲಿಮೀಟರ್ ಅಗಲದ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್), ಬಾಡಿಗೂ ಮಡ್‌ಗಾರ್ಡಿಗೂ ನಡುವೆ ರಬ್ಬರ್ ಬೀಡಿಂಗ್. ರಬ್ಬರ್ ಸ್ವಲ್ಪ ಅದುಮಿದರೆ ಸಾಕು. ಇನ್ನೂ ಬಿಗಿದರೆ ಬೋಲ್ಟಿನ ಸುತ್ತ ನಕ್ಷತ್ರದ ಆಕಾರದ ಬಿರುಕು ಬರುತ್ತದೆ.

ಅಂಥದ್ದೇ ಬಿರುಕು ಒಳಗಿನಿಂದಲೂ ಬರುತ್ತದೆ. ಟೈರು ಎಸೆಯುವ ಕಲ್ಲು ಮಡ್‌ಗಾರ್ಡಿನ ಒಳಮೈಗೆ ಬಡಿದು, ಹೊರಗಿನ ಬಣ್ಣದಲ್ಲಿ ನಕ್ಷತ್ರ ಮೂಡುತ್ತದೆ. ಒಳಗಡೆಗೆ ವ್ಯಾಕ್ಸ್ ಬೆರೆಸಿದ ಜೆಲ್‌ಕೋಟ್ ಹಚ್ಚಿ, ಅದು ಗಟ್ಟಿಯಾದ ಮೇಲೆ ಮೇಲಿನ ವ್ಯಾಕ್ಸ್ ಒರೆಸಿ, ತೀಡಿ, ರಬ್ಬರಿನಂಥ ಸ್ಟೋನ್‌ಚಿಪ್ ಲೇಪ ದಪ್ಪಗೆ ಕೊಡಿ. ಬಣ್ಣಕ್ಕೆ ಅವಸರ ಬೇಡ, ಎರಡು ವಾರ ಬಿಸಿಲಿನಲ್ಲಿಡಿ. ಫೈಬರ್ ಪೂರ್ತಿ ಮಾಗದೆ ಕಪ್ಪು ಬಣ್ಣ ಹೊಡೆದರೆ ಒಂದೇ ಬೇಸಿಗೆಯಲ್ಲಿ ಮ್ಯಾಟಿನ ಎಳೆಗಳು ಬಣ್ಣದ ಮೇಲೆ ಅಚ್ಚೊತ್ತಿದ ಹಾಗೆ ಕಾಣುತ್ತವೆ. ಪಿವಿಎ ನೀರಿನಲ್ಲಿ ತೊಳೆದು, ವ್ಯಾಕ್ಸ್ ಒರೆಸಿ, ಆಮೇಲಷ್ಟೇ 400ರಲ್ಲಿ ತೀಡಿ. ವ್ಯಾಕ್ಸ್ ಮೇಲೆ ಸುಮ್ನೆ ತೀಡಿದರೆ ಅದು ಗೀರುಗಳ ಒಳಗೆ ಸೇರಿ ಬಣ್ಣ ಹಿಡಿಯುವುದಿಲ್ಲ.

ಊರಲ್ಲಿ, ಅಂದರೆ ಭಾರತದಲ್ಲಿ, ಇದನ್ನು ಮಾಡುವವರಿಗೆ ಎರಡು ಮಾತು. ಇಂಗ್ಲೆಂಡಿನಲ್ಲಿ ರೆಸಿನ್‌ಗೆ ಆಕ್ಸಲರೇಟರ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಬೆರೆಸಿಯೇ ಕೊಡುತ್ತಾರೆ, ನಮ್ಮಲ್ಲಿ ಬಹಳ ಕಡೆ ಬೇರೆ ಬಾಟಲಿಯಲ್ಲಿ ಸಿಗುತ್ತದೆ, ನೇರಳೆ ಬಣ್ಣದ ಕೋಬಾಲ್ಟ್. ಅದನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಗುಲಿದರೆ ಸ್ಫೋಟವೇ ಆಗಬಹುದು, ಎರಡಕ್ಕೂ ಒಂದೇ ಅಳತೆ ಲೋಟ ಬೇಡ. ಇನ್ನೊಂದು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಇಷ್ಟ ಬಂದ ಹಾಗೆ ಬದಲಿಸುವಂತಿಲ್ಲ, ಅದನ್ನು ನೋಡಿಕೊಂಡು ಕೈ ಹಾಕಿ. ಕಾಲೇಜು ತಂಡಗಳು ಟ್ರ್ಯಾಕಿಗೆ ಕಟ್ಟುವ ಫಾರ್ಮುಲಾ ಕಾರಿನ ಮೂತಿಗೆ ಇದೇ ವಿಧಾನ ನಡೆಯುತ್ತದೆ, ಅಲ್ಲಿನ ಸೆಖೆಗೆ ತಕ್ಕ ಹಾಗೆ ಬೆಳಗ್ಗೆ ಬೇಗ ಶುರು ಮಾಡಬೇಕು ಅಷ್ಟೇ.

ಮೊದಲ ನೂರು ಮೈಲಿ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ, ರಬ್ಬರ್ ಕೂತು ಸ್ವಲ್ಪ ಸಡಿಲ ಆಗಿರುತ್ತದೆ. ಹಾಗೇ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ ಬಗ್ಗಿ ನೋಡಿ. ಸ್ಟೋನ್‌ಚಿಪ್ ಲೇಪದ ಮೇಲೆ ಎಲ್ಲಾದರೂ ಟೈರು ಉಜ್ಜಿ ನುಣುಪಾದ ಗೆರೆ ಬಿದ್ದಿದ್ದರೆ, ಅಲ್ಲಿ ಇನ್ನೂ ಎರಡು ಮಿಲಿಮೀಟರ್ ಜಾಗ ಬೇಕು.