ಸೋಂಕಿನ ಕಾಲದಲ್ಲಿ ಆಂಬ್ಯುಲೆನ್ಸ್: ಯಾವುದನ್ನು ಬದಲಿಸಬೇಕು, ಹೇಗೆ

ಮಾಮೂಲಿ ದಿನಗಳಲ್ಲಿ 108ರ ಗಾಡಿ ನಿಂತ ಕೂಡಲೇ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ರೋಗಿಯ ಬಳಿಗೆ ಧಾವಿಸುತ್ತಾರೆ. ಕೋವಿಡ್‌ನಂಥ ಉಸಿರಾಟದ ಸೋಂಕು ಹಬ್ಬಿದಾಗ ಮೊದಲು ಬದಲಾಗಬೇಕಾದದ್ದು ಈ ಧಾವಂತವೇ.

ಕೆಲಸ ಶುರುವಾಗುವುದು ಕರೆ ಎತ್ತಿದಾಗ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದಿದೆಯೇ ಎಂದು ಕೇಳಿ, ಉತ್ತರವನ್ನು ಗಾಡಿ ಹೊರಡುವ ಮೊದಲೇ ಸಿಬ್ಬಂದಿಗೆ ತಿಳಿಸಿ. ರೋಗಿಗೆ ಪ್ರಜ್ಞೆ ಇಲ್ಲ, ಮಾಹಿತಿ ಕೊಡುವವರೂ ಇಲ್ಲ ಎಂದಾದರೆ ಸೋಂಕು ಇದೆ ಎಂದೇ ಹಿಡಿಯಿರಿ. ಅಪಘಾತದ ಕರೆಗೂ ಇದೇ ಲೆಕ್ಕ.

ಸ್ಥಳದಲ್ಲಿ ಒಬ್ಬರೇ ಒಳಗೆ ಹೋಗಿ. ಆರಡಿ ದೂರದಿಂದ ಮಾತಾಡಿಸಿ, ರೋಗಿಗೆ ಮಾಸ್ಕ್ ಹಾಕಿಸಿ. ನಡೆಯಬಲ್ಲವರಾದರೆ ಅವರೇ ಹೊರಗೆ ಬರಲಿ. ಸ್ಟ್ರೆಚರ್ ಎತ್ತಲು ಪೈಲಟ್ (ಗಾಡಿಯ ಚಾಲಕ) ಕೈಜೋಡಿಸಿದರೆ ಅವರಿಗೂ ಪೂರ್ತಿ ಪಿಪಿಇ (ಗೌನ್, ಗ್ಲೌಸ್, ಕನ್ನಡಕ, ಎನ್-95 ಇರುವ ರಕ್ಷಣಾ ಕಿಟ್) ಬೇಕು. ಎಡವುವುದು ಇಲ್ಲೇ: ರೋಗಿಯನ್ನು ಮುಟ್ಟಿದ ಗ್ಲೌಸ್‌ನಲ್ಲೇ ಬಾಗಿಲು, ಗೇರ್, ಸ್ಟೀರಿಂಗ್ ಹಿಡಿಯುತ್ತಾರೆ. ಸೀಟಿಗೆ ಮರಳುವ ಮೊದಲು ಗೌನ್, ಗ್ಲೌಸ್ ತೆಗೆದು ಕೈ ಶುಚಿ ಮಾಡಿಕೊಳ್ಳಬೇಕು. ಎನ್-95 ಮಾತ್ರ ಮುಖದ ಮೇಲೇ ಇರಲಿ.

ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯಬೇಕು. ಕ್ಯಾಬಿನ್ ನಡುವಿನ ಕಿಟಕಿ ಮುಚ್ಚಿ, ಎಸಿಯನ್ನು ಹೊರಗಾಳಿಗೆ ತಿರುಗಿಸಿ, ಹಿಂದಿನ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಇಡಿ. ಒಳಗಾಳಿಯನ್ನೇ ಸುತ್ತಿಸುವಂತೆ ಎಸಿ ಇಡಬೇಡಿ.

ನೆಬುಲೈಸರ್ (ಔಷಧಿಯನ್ನು ಮಂಜಾಗಿಸಿ ಕೊಡುವ ಯಂತ್ರ), ಸಕ್ಷನ್ (ಬಾಯಿ, ಗಂಟಲಿನ ಕಫ ಹೀರುವ ಯಂತ್ರ), ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮೂರೂ ಹನಿಗಳನ್ನು ಗಾಳಿಗೆ ಎರಚುತ್ತವೆ. ನೆಬುಲೈಸರ್ ಬದಲು ಸ್ಪೇಸರ್ (ಔಷಧಿ ಹಿಡಿದಿಡುವ ಕೊಳವೆ) ಜೋಡಿಸಿದ ಇನ್‌ಹೇಲರ್ ಕೊಡಿ. ಅಂಬು ಬ್ಯಾಗ್ ಬಳಸಲೇಬೇಕಾದರೆ ಮಾಸ್ಕ್‌ಗೂ ಬ್ಯಾಗಿಗೂ ನಡುವೆ ವೈರಸ್ ಫಿಲ್ಟರ್ ಸಿಕ್ಕಿಸಿ, ಒಬ್ಬರು ಎರಡೂ ಕೈಯಿಂದ ಮಾಸ್ಕ್ ಒತ್ತಿ ಹಿಡಿದು, ಇನ್ನೊಬ್ಬರು ಬ್ಯಾಗ್ ಒತ್ತಲಿ. ಹೃದಯ ನಿಂತಾಗಲೂ ಪಿಪಿಇ ಮೊದಲು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರ ಏಪ್ರಿಲ್‌ನಲ್ಲಿ ಹೇಳಿತ್ತು. ಮನಸ್ಸು ಒಪ್ಪುವುದು ಕಷ್ಟ. ಅದಕ್ಕೇ ಕಿಟ್ ತೊಡುವುದನ್ನು ಡ್ರಿಲ್ ಮಾಡಿ ವೇಗ ಗಳಿಸಬೇಕು.

ಆಕ್ಸಿಜನ್ ಲೆಕ್ಕದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ಹೊತ್ತನ್ನೂ ಸೇರಿಸಿ. ಹಲವರು ಮರೆಯುವುದು ಇದನ್ನೇ. ಬಿ ಟೈಪ್ ಸಿಲಿಂಡರಿನ ಒಳ ಅಳತೆ ಸುಮಾರು 10 ಲೀಟರ್. ಗೇಜ್ (ಒತ್ತಡದ ಮಾಪಕ) 100 ಬಾರ್ ತೋರಿಸಿದರೆ ಇರುವುದು 1,000 ಲೀಟರ್ ಅನಿಲ. 20ಕ್ಕಿಂತ ಕೆಳಗಿಳಿಸದೆ ಉಳಿಸಿಕೊಂಡರೆ ಬಳಕೆಗೆ 800. ನಿಮಿಷಕ್ಕೆ 10 ಲೀಟರಿನಂತೆ 80 ನಿಮಿಷ. ಪ್ರಯಾಣಕ್ಕೆ 40 ನಿಮಿಷ, ಹಾಸಿಗೆಗಾಗಿ ಒಂದು ಗಂಟೆ ಎಂದರೆ ಮುಗಿಯಿತು, ಎರಡನೇ ಸಿಲಿಂಡರ್ ಬೇಕೇಬೇಕು. ಹಾಸಿಗೆ ಇದೆಯೆಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡೇ ಹೊರಡಿ.

ರೋಗಿ ಇಳಿದ ಮೇಲೆ ಬಾಗಿಲುಗಳನ್ನೆಲ್ಲ ತೆರೆದಿಡಿ. ಕೊಳೆ, ರಕ್ತ ಇದ್ದರೆ ಮೊದಲು ಸೋಪುನೀರಿನಿಂದ ಒರೆಸಿ. ಕೊಳೆಯ ಮೇಲೆ ಬ್ಲೀಚಿಂಗ್ ಕೆಲಸ ಮಾಡದು. ನಂತರ ಶೇ 1ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ): 5 ಶೇಕಡಾ ದ್ರಾವಣವಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಹೊಸ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 30 ಗ್ರಾಂ. ಬಟ್ಟೆಯಲ್ಲಿ ಒರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಡಿ. ಸಿಂಪಡಿಸಿದರೆ ಸಂದಿಗಳಿಗೆ ತಲುಪದು, ಸಿಬ್ಬಂದಿಯ ಕಣ್ಣು ಗಂಟಲು ಉರಿಯುವುದಷ್ಟೇ ಬಂತು. ಲೋಹ, ಮಾನಿಟರ್‌ಗಳಿಗೆ ಶೇ 70ರ ಆಲ್ಕೋಹಾಲ್. ದ್ರಾವಣವನ್ನು ದಿನಾ ಹೊಸದಾಗಿ ಕಲಸಿ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಪಿಪಿಇ ತೊಡುವಾಗಲ್ಲ, ಕಳಚುವಾಗ ಸೋಂಕು ತಗಲುವುದು ಹೆಚ್ಚು. ಗ್ಲೌಸ್, ಗೌನ್, ಕನ್ನಡಕ, ಕಡೆಗೆ ಎನ್-95. ಪ್ರತಿ ಹಂತದ ನಂತರ ಸ್ಯಾನಿಟೈಸರ್. ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿರಲಿ.

ಆದೇಶ ವಾರಕ್ಕೊಮ್ಮೆ ಬದಲಾಗುವಾಗ ಗಾಡಿಯಲ್ಲಿ ಮೂರು ಸುತ್ತೋಲೆ ನೇತಾಡುವುದುಂಟು. ದಿನಾಂಕ ಬರೆದ ಒಂದೇ ಹಾಳೆ ಅಂಟಿಸಿ, ಹಳೆಯದನ್ನು ಕಿತ್ತುಹಾಕಿ. ಶಿಫ್ಟ್ ಬದಲಾಗುವಾಗ ಏನು ಬದಲಾಯಿತೆಂದು ಬಾಯಿಬಿಟ್ಟು ಹೇಳಿ.