ಇಬ್ಬರು ಮಕ್ಕಳ ಏಳು ನಡೆ

ಮನಶ್ಶಾಸ್ತ್ರ ಓದಿದ ತಂಗಿ ಮಳೆಗಾಲದಲ್ಲಿ ಶಿರಸಿಗೆ ಬಂದವಳು, ‘ಅಣ್ಣಾ, ಇದರ ಲೆಕ್ಕ ಬಿಡಿಸಿಕೊಡು’ ಎಂದು ‘ಲಂಡನ್ ಗೋಪುರ’ ಎಂಬ ಮಣಿ-ಕಂಬದ ಒಗಟಿನ ಚಿತ್ರ ಮುಂದಿಟ್ಟಳು. ಫ್ರೆಂಚ್ ಗಣಿತಜ್ಞ ಎಡ್ವರ್ಡ್ ಲ್ಯೂಕಾಸ್ 1883ರಲ್ಲಿ ಹೊರತಂದ ಹನೋಯಿ ಗೋಪುರ, ಅಂದರೆ ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ದಾಟಿಸುವ ಒಗಟು, ನನಗೆ ಬಾಯಿಪಾಠ: ಮೂರು ಬಿಲ್ಲೆಗೆ 27 ಸ್ಥಿತಿ (ಜೋಡಣೆಯ ಬಗೆ), ದಾಟಿಸಲು 7 ನಡೆ. ಇದು ಬೇರೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರ ಯೋಜನಾಶಕ್ತಿ ಅಳೆಯಲು ಟಿಮ್ ಶಾಲಿಸ್ 1982ರಲ್ಲಿ ಬಳಸಿದ್ದು. ಮೂರು ಬಣ್ಣದ ಮಣಿ. ಒಂದು, ಎರಡು, ಮೂರು ಮಣಿ ಹಿಡಿಯುವ ಮೂರು ಕಂಬ. ಒಂದು ನಡೆ ಎಂದರೆ ಒಂದು ಕಂಬದ ತುದಿಯ ಮಣಿಯನ್ನು ಇನ್ನೊಂದಕ್ಕೆ ಹಾಕುವುದು.

ಕರೆಂಟ್ ಇರಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಥಿತಿಗಳನ್ನು ಬರೆಯುತ್ತ ಹೋದೆ, 60 ಆದವು. ಮರುದಿನ ಅಡಿಕೆ ದಬ್ಬೆ ಸೀಳಿ ಕಂಬ ನಿಲ್ಲಿಸಿದಾಗಲೇ ಗೊತ್ತಾದದ್ದು, ಗಿಡ್ಡ ಕಂಬದ ಮೇಲೂ ಮೂರು ಮಣಿ ಪೇರಿಸಿಬಿಟ್ಟಿದ್ದೆ! ಪಾಠ ಮಾಡುವವನ ಮಾನ ಹೋಯಿತು. ಆಗದವನ್ನು ಹೊಡೆದು ಹಾಕಿದರೆ ಉಳಿದದ್ದು 36. ಒಂದೇ ನಡೆಯಲ್ಲಿ ತಲುಪುವ ಸ್ಥಿತಿಗಳ ನಡುವೆ ಗೆರೆ ಎಳೆದೆ, 54 ಗೆರೆ. ಎಷ್ಟೇ ದೂರದ ಜೋಡಿಯಾದರೂ 8 ನಡೆ ಮೀರುವುದಿಲ್ಲ.

ಆಡಿದವರ ಫಲಿತಾಂಶ ಬರೆಯುವ ತಂಗಿಯ ಹಾಳೆಯಲ್ಲಿ ನಡೆಗಳ ಸಂಖ್ಯೆಗೆ ಮಾತ್ರ ಜಾಗವಿತ್ತು. ನನಗೆ ಅದೇ ಸರಿಬರಲಿಲ್ಲ. ಉದಾಹರಣೆಗೆ, ಎತ್ತರದ ಕಂಬದಲ್ಲಿ ಕೆಳಗಿನಿಂದ ಕೆಂಪು, ಹಸಿರು, ನೀಲಿ. ಅದನ್ನು ಹಸಿರು, ಕೆಂಪು, ನೀಲಿ ಮಾಡಬೇಕು. ನೀಲಿ ತನ್ನ ಜಾಗದಲ್ಲೇ ಇದ್ದರೂ ಅದನ್ನು ಎಬ್ಬಿಸದೆ ಗತಿಯಿಲ್ಲ. ಮೂರೂ ಮಣಿ ಎದ್ದು ಮರಳಬೇಕಾದ್ದರಿಂದ ಕನಿಷ್ಠ 6 ನಡೆ. ಅಷ್ಟರಲ್ಲಿ ಮುಗಿಸುವ ದಾರಿ ಎರಡೇ. ಎರಡಕ್ಕೂ ನೀಲಿ ಮೊದಲು ನಡುಕಂಬಕ್ಕೇ ಹೋಗಬೇಕು.

ಪಕ್ಕದ ಮನೆಯ ಹುಡುಗಿ ಅದನ್ನು ಗಿಡ್ಡ ಕಂಬಕ್ಕೆ ಹಾಕಿದಳು. ಕೈ ತಡೆದಳು, ನೋಡಿದಳು, ನಡುಕಂಬಕ್ಕೆ ಬದಲಿಸಿದಳು. ಮುಂದೆ ತಡವರಿಸಲೇ ಇಲ್ಲ. ಒಟ್ಟು 7. ಅಕ್ಕನ ಮಗ ನೀಲಿಯನ್ನು ಸರಿಯಾಗಿಯೇ ಇಟ್ಟು, ಹಸಿರನ್ನು ಗಿಡ್ಡ ಕಂಬಕ್ಕೆ ಹಾಕಿದ. ಅದೂ ಸರಿ. ಆದರೆ ಅನುಮಾನ ಬಂದು ಹಸಿರನ್ನು ತೆಗೆದು ನೀಲಿಯ ಮೇಲೆ ಇಟ್ಟ. ಅದು ಎರಡನೆಯ ದಾರಿ, ಅದೂ ಸರಿಯೇ! ದಾರಿ ಬದಲಿಸಿದ ದಂಡ ಒಂದು ನಡೆ. ಇವನದೂ 7.

ಹಾಳೆಯ ಪ್ರಕಾರ ಇಬ್ಬರೂ ಸಮ. ನನ್ನ ಕ್ಯಾಲೆಂಡರಿನಲ್ಲಿ ಒಬ್ಬಳದು ಮೊದಲ ಹೆಜ್ಜೆಯ ತಪ್ಪು, ಒಬ್ಬನದು ತಪ್ಪೇ ಇಲ್ಲದ ಕಡೆ ಹುಟ್ಟಿದ ಸಂಶಯ. ಇಬ್ಬರು ಮಕ್ಕಳನ್ನು ಆಡಿಸಿ ಮನಸ್ಸಿನ ಬಗ್ಗೆ ತೀರ್ಪು ಕೊಡುವ ಧೈರ್ಯ ನನಗಿಲ್ಲ, ಅದು ತಂಗಿಯ ಕೆಲಸ. ಅವಳು ಹಾಳೆಗೆ ಇನ್ನೊಂದು ಕಾಲಂ ಗೆರೆ ಎಳೆದು, ಮೇಲೆ ‘ದಾರಿ’ ಎಂದು ಬರೆದಳು.