ಇಂಗ್ಲೆಂಡಿನಲ್ಲಿ ‘ಕನ್ಸಲ್ಟೇಷನ್’ ಅಂತ ಕಾಗದ ಬಂದರೆ ಎಸೆಯಬೇಡಿ

ಹೋದ ತಿಂಗಳು ವಿಜಯನಗರದ ನಮ್ಮ ಮನೆಗೆ ಪಕ್ಕದ ಬೀದಿಯ ಹುಡುಗಿ ಬಂದಿದ್ದಳು. ನರ್ಸ್. ಇಂಗ್ಲೆಂಡಿಗೆ ಹೊರಟಿದ್ದಾಳೆ. ಹನ್ನೊಂದು ವರ್ಷ ಅಲ್ಲಿದ್ದು ಬಂದವನು ಅಂತ ನನ್ನನ್ನು ಕೇಳಲು ಬಂದಿದ್ದು. ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಬ್ಯಾಂಕ್ ಖಾತೆ, ಬಸ್ ಪಾಸ್, ಎಲ್ಲಾ ಯೂಟ್ಯೂಬ್ ನೋಡಿ ಆಗಲೇ ತಿಳಿದುಕೊಂಡಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅದೇ ವಾರ ಅಲ್ಲಿರುವ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೋ ಕಳಿಸಿದ. ‘ಮಾಮ, ಇದೇನು? ಎಸೆಯಲಾ?’ ಎದೆ ಧಸಕ್ಕೆಂದಿತು. ಅಂಥದ್ದೇ ಕಾಗದವನ್ನು ನಾನೂ ಎಸೆದಿದ್ದೆ.

ನಮ್ಮ ಬೆಂಗಳೂರಿನಲ್ಲಿ ಕನ್ಸಲ್ಟೇಷನ್ ಅಂದರೆ ಡಾಕ್ಟರ ಫೀಸು. ಕೌಂಟರಿನಲ್ಲಿ ದುಡ್ಡು ಕಟ್ಟಿ ಚೀಟಿ ತಗೊಳ್ಳುತ್ತೇವೆ. ಅಲ್ಲಿ ಒಂದು ಕ್ಲಿನಿಕ್ ಮುಚ್ಚುವ, ಒಂದು ಸೇವೆಯನ್ನು ಬೇರೆ ಊರಿಗೆ ಸಾಗಿಸುವ ಮುಂಚೆ ಜನರನ್ನು ಕೇಳುವುದಕ್ಕೂ ಅದೇ ಹೆಸರು. ನಾವು ಹೋದ ಎರಡನೇ ವರ್ಷ ಜಿಪಿಯಿಂದ ಹಾಗಂತ ಕಾಗದ ಬಂತು. ನನಗೇನೂ ಕಾಯಿಲೆ ಇಲ್ಲವಲ್ಲ ಅಂದುಕೊಂಡೆ. ಪಿಜ್ಜಾ ಅಂಗಡಿಯ ಪಾಂಪ್ಲೆಟ್ ಜೊತೆ ಕಸದ ಬುಟ್ಟಿಗೆ ಹೋಯಿತು.

ನಾಲ್ಕು ತಿಂಗಳಾದ ಮೇಲೆ ಮನೆಯಿಂದ ಐದು ನಿಮಿಷದ ದಾರಿಯಲ್ಲಿದ್ದ ಜಿಪಿಯ ಶಾಖಾ ಕ್ಲಿನಿಕ್ಕಿಗೆ ಬೀಗ. ಮುಖ್ಯ ಕ್ಲಿನಿಕ್ಕಿಗೆ ಎರಡು ಬಸ್ ಹಿಡಿಯಬೇಕು. ಹೆಂಡತಿ ಆಗ ಏಳು ತಿಂಗಳ ಬಸುರಿ. ಪ್ರತಿ ಸಲ ಟ್ಯಾಕ್ಸಿ, ಹೋಗಿ ಬರಲು ಹದಿನಾರು ಪೌಂಡ್. ಸಿಟ್ಟು ಬಂದು ಹೋಗಿ ರಿಸೆಪ್ಷನಿನಲ್ಲಿ ಕೂಗಾಡಿದೆ. ಯಾರನ್ನು ಕೇಳಿ ಮುಚ್ಚಿದಿರಿ? ಆಕೆ ದನಿ ಏರಿಸಲಿಲ್ಲ. ಕಂಪ್ಯೂಟರ್ ನೋಡಿ ಕಾಗದ ಕಳಿಸಿದ ದಿನಾಂಕ, ಉತ್ತರಕ್ಕೆ ಕೊನೆಯ ದಿನ ಎರಡನ್ನೂ ಓದಿ, ‘ನಿಮ್ಮನ್ನೇ ಕೇಳಿದ್ದೆವು’ ಅಂದಳು.

ನಮಗೆ ಇದು ಅರ್ಥವಾಗದಿರಲು ಕಾರಣ ಇದೆ. ‘ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು’ ಅನ್ನುವ ಪ್ರಕಟಣೆಯನ್ನು ಪೇಪರಿನಲ್ಲಿ ನೋಡಿ ನೋಡಿ ಬೆಳೆದವರು ನಾವು. ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತೆ, ಸುಮ್ನೆ ಶಾಸ್ತ್ರಕ್ಕೆ ಕೇಳ್ತಾರೆ ಅಂತ ನಂಬಿಬಿಟ್ಟಿದ್ದೇವೆ. ಅಲ್ಲೂ ಹಾಗೆ ಮಾಡುವವರಿದ್ದಾರೆ. ಆದರೆ ಸಿಕ್ಕಿಬಿದ್ದರೆ ಕೋರ್ಟು ಬಿಡುವುದಿಲ್ಲ. 1985ರಲ್ಲಿ ಲಂಡನ್ನಿನ ಬ್ರೆಂಟ್ ಕೌನ್ಸಿಲ್ ಶಾಲೆ ಮುಚ್ಚಲು ಹೊರಟಾಗ ಗನ್ನಿಂಗ್ ಅನ್ನುವ ಹೆಸರಿನ ಮೊಕದ್ದಮೆ ನಡೆಯಿತು. ಇವತ್ತಿಗೂ ಅದೇ ಅಳತೆಗೋಲು. ತೀರ್ಮಾನ ಇನ್ನೂ ಹಸಿಯಾಗಿರುವಾಗಲೇ ಕೇಳಬೇಕು. ಯಾಕೆ ಅಂತ ಸರಿಯಾಗಿ ಹೇಳಬೇಕು. ಯೋಚಿಸಲು ಸಮಯ ಕೊಡಬೇಕು. ಬಂದ ಉತ್ತರವನ್ನು ನಿಜವಾಗಿ ಓದಿ ಲೆಕ್ಕಕ್ಕೆ ತಗೊಳ್ಳಬೇಕು. 2013ರಲ್ಲಿ ಲಂಡನ್ನಿನದೇ ಲೂಯಿಶಮ್ ಆಸ್ಪತ್ರೆಯ ತುರ್ತು ಚಿಕಿತ್ಸೆ ಮತ್ತು ಹೆರಿಗೆ ವಿಭಾಗ ಕುಗ್ಗಿಸಲು ಆರೋಗ್ಯ ಸಚಿವರೇ ಹೊರಟಿದ್ದರು. ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ಸಚಿವರಿಗೆ ಆ ಅಧಿಕಾರವೇ ಇಲ್ಲ ಅಂತ ತೀರ್ಪು ಬಂತು. ಒಂದು ಎಚ್ಚರಿಕೆ: ಕೋರ್ಟಿಗೆ ಹೋಗುವುದಾದರೆ ತಡಮಾಡುವಂತಿಲ್ಲ, ಹೆಚ್ಚೆಂದರೆ ಮೂರು ತಿಂಗಳು. ನಮ್ಮಲ್ಲಿಯ ಹಾಗೆ ‘ನೋಡೋಣ’ ಅಂತ ಕೂತರೆ ಕೆಟ್ಟಿತು.

ನನ್ನ ಎರಡನೇ ಪೆದ್ದುತನವನ್ನು ಈಗಲೂ ಎಲ್ಲರೂ ಮಾಡುತ್ತಿದ್ದಾರೆ. ರಕ್ತ ಪರೀಕ್ಷೆಯ ಜಾಗ ಬದಲಿಸುತ್ತೇವೆ ಅಂತ ಮುಂದೊಂದು ಕಾಗದ ಬಂತು. ಈ ಸಲ ಬಿಡಬಾರದು ಅಂತ ಕನ್ನಡದವರ ಗುಂಪಿನಲ್ಲಿ ಹಾಕಿದೆ. ಒಬ್ಬರು ಭರ್ಜರಿ ಇಂಗ್ಲಿಷಿನಲ್ಲಿ ಈಮೇಲ್ ಬರೆದರು. ನಲವತ್ತಮೂರು ಜನ ಅದನ್ನೇ ಕಾಪಿ ಮಾಡಿ ಕಳಿಸಿದೆವು. ನಲವತ್ತಮೂರು! ವರದಿ ಬಂದಾಗ ನೋಡಿದರೆ ‘ಒಂದೇ ಒಕ್ಕಣೆಯ ಉತ್ತರಗಳು’ ಅಂತ ನಮ್ಮೆಲ್ಲರಿಗೂ ಸೇರಿ ಎರಡು ಸಾಲು. ನಮ್ಮ ಬೀದಿಯ ಅಜ್ಜಿಯೊಬ್ಬರು ಕೈಯಲ್ಲೇ ಬರೆದಿದ್ದರು: ಆ ಕಡೆಗೆ ಮಧ್ಯಾಹ್ನ ಮೂರರ ನಂತರ ಬಸ್ ಇಲ್ಲ, ಮಂಡಿನೋವು, ಉಪವಾಸ ಇದ್ದು ರಕ್ತ ಕೊಟ್ಟು ಅಷ್ಟು ದೂರ ನಡೆಯಲಾರೆ. ಅವರಿಗೆ ಇಡೀ ಒಂದು ಪ್ಯಾರಾ. ವಾರಕ್ಕೆ ಎರಡು ಬೆಳಗ್ಗೆ ಹಳೆಯ ಜಾಗದಲ್ಲೇ ರಕ್ತ ತೆಗೆಯುವುದು ಅಂತಲೂ ಆಯಿತು.

ತಲೆ ಎಣಿಸುವ ಮತದಾನ ಅಲ್ಲ ಅದು. ನಿಮ್ಮ ಬಸ್ ನಂಬರ್, ನಿಮ್ಮ ಶಿಫ್ಟು, ಮಗುವನ್ನು ಸ್ಕೂಲಿಗೆ ಬಿಡುವ ಹೊತ್ತು, ಇವನ್ನು ಬರೆಯಿರಿ. ಪಿನ್‌ಕೋಡಿನ ಥರದ ಪೋಸ್ಟ್‌ಕೋಡ್ ಮರೆಯಬೇಡಿ. ಇಂಗ್ಲಿಷ್ ಕಷ್ಟವಾದರೆ ಬೇರೆ ರೀತಿಯಲ್ಲಿ ಉತ್ತರ ಕೊಡಲು ಸಹಾಯ ಕೇಳಿ. ಹೀಗೆ ಕೇಳಲು ನಾಚಿಕೊಳ್ಳುವವರೇ ಜಾಸ್ತಿ.

ಇಂಗ್ಲೆಂಡಿನ ಪ್ರತಿ ಜಿಪಿಯಲ್ಲೂ ರೋಗಿಗಳ ಒಂದು ಗುಂಪು ಇರಲೇಬೇಕು ಅಂತ 2015ರ ಏಪ್ರಿಲ್‌ನಿಂದ ಜಿಪಿಗಳ ಸರ್ಕಾರಿ ಕರಾರಿನಲ್ಲೇ ಇದೆ. ನಾನು ಹೋದ ಮೊದಲ ಸಭೆಯಲ್ಲಿ ಒಂಬತ್ತು ಜನ, ಎಲ್ಲರೂ ನಿವೃತ್ತರು. ಒಳ್ಳೆಯವರೇ, ಬಿಸ್ಕೆಟ್ ಕೊಟ್ಟರು. ಆದರೆ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವವರ ಕಷ್ಟ ಅವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಬದಲಾವಣೆಯಿಂದ ಯಾರಿಗೆ ಜಾಸ್ತಿ ತೊಂದರೆ ಅಂತ ಯೋಚಿಸಿದ್ದೀರಾ, ಅದರ ಕಾಗದ ಎಲ್ಲಿ? 2010ರ ಸಮಾನತೆ ಕಾಯ್ದೆ ಹಾಗೆ ಯೋಚಿಸಲೇಬೇಕು ಅನ್ನುತ್ತದೆ.

ಫಾರಂನಲ್ಲಿ ಜನಾಂಗ ಕೇಳಿದಾಗ ‘ಹೇಳಲು ಇಷ್ಟವಿಲ್ಲ’ ಅಂತ ಟಿಕ್ ಮಾಡಬೇಡಿ. ನಾನು ಮಾಡಿದ್ದೆ, ಜಾತಿ ಕೇಳಿದ ಹಾಗೆ ಅನ್ನಿಸಿತ್ತು. ನಮಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಅಲ್ಲ, 23 ದಾಟಿದರೇ ಎಚ್ಚರ ಅನ್ನುತ್ತದೆ ಅಲ್ಲಿಯ ಮಾರ್ಗಸೂಚಿ. ನೀವು ಲೆಕ್ಕದಲ್ಲೇ ಇಲ್ಲದಿದ್ದರೆ ನಿಮಗಾಗಿ ಯಾರು ದುಡ್ಡು ತೆಗೆದಿಡುತ್ತಾರೆ?

ಇನ್ನೊಂದು. ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾ ಮೇಲೆ ಅಲ್ಲಿ ವಾಸವಿದ್ದರೆ ವೋಟು ಹಾಕಬಹುದು, ಪಾರ್ಲಿಮೆಂಟಿಗೂ. ಕಾಮನ್‌ವೆಲ್ತ್ ದೇಶದವರಿಗೆಲ್ಲ ಆ ಹಕ್ಕಿದೆ. ನನಗೆ ಗೊತ್ತಾಗಿದ್ದು ಆರು ವರ್ಷ ಆದ ಮೇಲೆ.

ಯಾವ ಪದ್ಧತಿ ಮೇಲು ಅಂತ ಕೇಳಿದರೆ, ಜನರನ್ನು ಕೇಳುವ ವಿಷಯದಲ್ಲಿ ಅವರದ್ದೇ. ಇಲ್ಲಿ ವಾರ್ಡ್ ಸಮಿತಿ ಅಂತ ಕಾನೂನಿನಲ್ಲಿದೆ, ಅದರಲ್ಲಿ ಮಹಿಳೆಯರಿಗೆ, ದಲಿತರಿಗೆ ಜಾಗವೂ ಇದೆ. ಆದರೆ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಆ ಐದು ವರ್ಷವೂ ಆಳಿದ್ದು ಅಧಿಕಾರಿಗಳೇ. ಆದರೆ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಬರುತ್ತಾರೆ, ಬಾಗಿಲು ತಟ್ಟುತ್ತಾರೆ, ಮನೆಯಲ್ಲಿ ಯಾರು ಬಸುರಿ ಅಂತ ಅವರಿಗೆ ಗೊತ್ತು. ಅಲ್ಲಿ ನನಗೆ ಬಂದಿದ್ದು ಬರೀ ಕಾಗದ.

ಅಕ್ಕನ ಮಗನ ಕಾಗದದಲ್ಲಿ ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನ ಇತ್ತು. ರಾತ್ರಿ ಪಾಳಿ ಮುಗಿಸಿ ಬಂದು ಅರ್ಧ ಪುಟ ಬರೆದ. ‘ಇಂಗ್ಲಿಷ್ ತಿದ್ದಿಕೊಡಿ ಮಾಮ’ ಅಂದ. ತಿದ್ದಲಿಲ್ಲ. ಬಸ್ ನಂಬರ್ ಹಾಕುವುದನ್ನು ಮರೆತಿದ್ದ, ಅದೊಂದನ್ನು ಸೇರಿಸಿ ಕಳಿಸು ಅಂದೆ.